ಙ ಅಕ್ಷರಕ್ಕೆ ಕೊನೆಗೂ ಕೆಲಸ ಸಿಕ್ಕಿತು

ಗಿರಿ: ಪ್ಲ್ಯಾನ್ ರೆಡಿ. ಕ್ವಿಂಗ್‌ಡಾವೊ, ಕ್ಸಿಯಾನ್, ಕೊನೆಗೆ ಸುಝೌ. ಹದಿನೈದು ದಿನ.

ಶಾಲಿನಿ: ಈ ಮೂರೂ ಊರು ಚೀನಾದಲ್ಲಿ ಇಲ್ಲ ಕಣೋ. ಛಿಙ್‌ತಾವ್, ಶೀ-ಆನ್, ಸೂಚೋ ಇವೆ. ಬೇಕಾದ್ರೆ ಅಲ್ಲಿಗೆ ಹೋಗು.

ಸುಬ್ಬು: ಇಂಗ್ಲಿಷ್ ಕ್ಯೂ ಯಾವಾಗ 'ಛ' ಆಯ್ತೇ?

ಶಾಲಿನಿ: 1958ರಲ್ಲಿ. ಆ ವರ್ಷ ಚೀನಾ ಸರ್ಕಾರ ಪಿನ್‌ಯಿನ್ ಒಪ್ಪಿಕೊಂಡಿತು, ಅಂದ್ರೆ ಚೀನೀ ಉಚ್ಚಾರವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೆಯೋ ಪದ್ಧತಿ. ನೋಡೋಕೆ ಇಂಗ್ಲಿಷ್, ಇಂಗ್ಲಿಷ್ ಥರ ಓದಿದ್ರೆ ಕೆಟ್ಟೆ. ನಮ್ಮ ವರ್ಣಮಾಲೆ ಇಟ್ಟುಕೊಂಡು ಓದು. ಬಿ ಅಂದ್ರೆ ಪ, ಪಿ ಅಂದ್ರೆ ಫ. ಫಲದ ಫ, ಫ್ಯಾನಿನದ್ದಲ್ಲ. ಡಿ ತ, ಟಿ ಥ. ಜಿ ಕ, ಕೆ ಖ. ಜೆ ಚ, ಕ್ಯೂ ಛ. ಅಲ್ಲಿ ಲೆಕ್ಕಕ್ಕೆ ಬರೋದು ಅಲ್ಪಪ್ರಾಣ, ಮಹಾಪ್ರಾಣ ಎರಡೇ. ಹಾಗಾಗಿ ನಿನ್ನ ಬೀಜಿಂಗ್ ಅವರ ಬಾಯಲ್ಲಿ ಪೇಯ್‌ಚಿಙ್.

ಸುಬ್ಬು: ಹಾಲಿಗೆ ಆಲು ಅನ್ನೋನು ಇವನು. ಮಹಾಪ್ರಾಣ ಎಲ್ಲಿಂದ ತರ್ತಾನೆ?

ಶಾಲಿನಿ: ಬಾಯಿ ಮುಂದೆ ನಾಲ್ಕು ಬೆರಳು ದೂರದಲ್ಲಿ ತೆಳು ಕಾಗದ ಹಿಡಿಯಲಿ. 'ಛಿಙ್' ಅಂದಾಗ ಕಾಗದ ಹಾರಬೇಕು, 'ಚಿಙ್' ಅಂದಾಗ ಸುಮ್ಮನಿರಬೇಕು. ಛುಙ್‌ಛಿಙ್ ಊರಿಗೆ ಎರಡು ಸಲ ಹಾರಬೇಕು.

ಗಿರಿ: ಎಕ್ಸ್?

ಶಾಲಿನಿ: ಎಕ್ಸ್ ಅಂದ್ರೆ ಶ. ಎಸ್‌ಎಚ್ ಅಂದ್ರೆ ಹೊಟ್ಟೆ ಸೀಳಿದ ಷ. ಷಾಙ್‌ಹಾಯ್‌ಗೆ ನಾಲಿಗೆ ಮಡಿಸು, ಶೀ-ಆನ್‌ಗೆ ಬೇಡ. ಜೆಡ್‌ಎಚ್ ಬಂದ್ರೆ ನಾಲಿಗೆಯನ್ನ 'ಟ' ಜಾಗಕ್ಕೆ ಮಡಿಸಿ 'ಚ' ಅನ್ನು. ಕೊನೆಯ ಎನ್‌ಜಿಗೆ 'ಗ್' ಅಂತ ಗುದ್ದಬೇಡ, ಬರೀ ಙ್.

ಸುಬ್ಬು: ಪಾಪ! ಒಂದನೇ ಕ್ಲಾಸಿನಲ್ಲಿ ಹಾಜರಿ ಹಾಕಿದ ಮೇಲೆ ಙಗೆ 'ವಾಙ್ಮಯ' ಬಿಟ್ರೆ ಡ್ಯೂಟಿನೇ ಇರಲಿಲ್ಲ. ಅಲ್ಲಿ ಓವರ್‌ಟೈಮ್!

ಶಾಲಿನಿ: ಶೀ-ಆನ್ ನಡುವೆ ಒಂದು ಪುಟ್ಟ ಗುರುತಿದೆ, ನೋಡ್ಕೋ. ಎರಡು ತುಂಡು ಮಾಡಿ ಹೇಳು ಅಂತ ಅದರರ್ಥ. ಒಟ್ಟಿಗೆ ಹೇಳಿದ್ರೆ 'ಶ್ಯೆನ್' ಆಗುತ್ತೆ, ಅಂದ್ರೆ ನಮ್ಮ ತಾಲ್ಲೂಕಿನಂಥದ್ದು. ಆ ಊರಿರೋ ಪ್ರಾಂತ್ಯ ಷಾನ್‌ಶಿ. ಪಕ್ಕದ ಪ್ರಾಂತ್ಯವೂ ಷಾನ್‌ಶಿ.

ಗಿರಿ: ಒಂದೇ ಹೆಸರಾ?

ಶಾಲಿನಿ: ರಾಗ ಬೇರೆ. ಶೀ-ಆನ್‌ದು ಕೆಳಸ್ಥಾಯಿ, ಒಲ್ಲದ ಮನಸ್ಸಿನಿಂದ 'ಹೂಂ...' ಅಂದ ಹಾಗೆ. ಪಕ್ಕದ್ದು ಮೇಲಿನ ಷಡ್ಜ ಹಿಡಿದ ಹಾಗೆ ಸಮನಾಗಿ. ಇಂಗ್ಲಿಷ್ ಬೋರ್ಡಲ್ಲಿ ಗೊಂದಲ ಆಗದಿರಲಿ ಅಂತ ಮೊದಲನೆಯದಕ್ಕೆ ಒಂದು 'ಎ' ಜಾಸ್ತಿ ಹಾಕ್ತಾರೆ. ಹಳೇ ಸಮಾಧಿಯ ಮಣ್ಣಿನ ಸೈನಿಕರ ಬೊಂಬೆ ನೋಡಬೇಕಿದ್ರೆ ಎರಡು 'ಎ' ಇರೋ ಕಡೆ ಹೋಗು. ಇದಾದ್ರೂ ಪರವಾಗಿಲ್ಲ, ನಿನ್ನ ಸೂಚೋ ಇದೆಯಲ್ಲ, ಅದು ಇನ್ನೂ ಖದೀಮ.

ಗಿರಿ: ಪೇಯ್‌ಚಿಙ್‌ನಿಂದ ನೇರ ರೈಲಿದೆಯಂತಲ್ಲ!

ಶಾಲಿನಿ: ಅದೇ ತೊಂದರೆ. 2011ರಲ್ಲಿ ಶುರುವಾದ ಪೇಯ್‌ಚಿಙ್-ಷಾಙ್‌ಹಾಯ್ ಲೈನು, 1,318 ಕಿ.ಮೀ. ಅದರಲ್ಲಿ ಮೊದಲು ಶ್ಯೂಚೋ ಬರುತ್ತೆ. 'ಈ' ಅನ್ನುತ್ತಾ ತುಟಿ ಮಾತ್ರ ಸೀಟಿ ಹೊಡೆಯೋ ಹಾಗೆ ದುಂಡಗೆ ಮಾಡಿದ್ರೆ 'ಶ್ಯೂ'ನ ಸ್ವರ ಬರುತ್ತೆ. ಅದರ ಮುಂದಿಂದು ಆನ್‌ಹ್ವೇಯ್ ಪ್ರಾಂತ್ಯದ ಸೂಚೋ. ಉದ್ಯಾನಗಳಿರೋ ನಿನ್ನ ಸೂಚೋ ಅಲ್ಲಿಂದ 400 ಕಿ.ಮೀ.ಗೂ ಆಚೆ, ಷಾಙ್‌ಹಾಯ್ ಹತ್ತಿರ. ಟಿಕೆಟ್ಟಿನ ಇಂಗ್ಲಿಷ್‌ನಲ್ಲಿ ಎರಡೂ ಸೂಚೋಗೆ ಒಂದೇ ಸ್ಪೆಲ್ಲಿಂಗ್.

ಸುಬ್ಬು: ಹೋಗ್ಲಿ, ಬಸ್ ಕಂಡಕ್ಟರ್ ಥರ ಕೂಗಿ ಹೇಳೋರೂ ಇರಲ್ಲ.

ಶಾಲಿನಿ: ಸ್ಟೇಷನ್ ಹೆಸರಿನ ಬಾಲ ನೋಡು. ಆ ಲೈನಲ್ಲಿ ಉದ್ಯಾನದ ಊರಿನ ಸ್ಟೇಷನ್ 'ಸೂಚೋ ಪೇಯ್', ಅಂದ್ರೆ ಉತ್ತರ. ಇನ್ನೊಂದು 'ಸೂಚೋ ತುಙ್', ಪೂರ್ವ. ನಾನ್ ದಕ್ಷಿಣ, ಶಿ ಪಶ್ಚಿಮ. ಇವು ನಾಲ್ಕು ಬಾಯಿಪಾಠ ಆದ್ರೆ ಅರ್ಧ ಚೀನಾ ಓದಿದ ಹಾಗೆ: ಪೇಯ್‌ಚಿಙ್ ಅನ್ನೋ ಹೆಸರಿನರ್ಥ 'ಉತ್ತರದ ರಾಜಧಾನಿ', ನಾನ್‌ಚಿಙ್ ಅಂದ್ರೆ 'ದಕ್ಷಿಣದ ರಾಜಧಾನಿ'. ಎಲ್ಲಕ್ಕಿಂತ ಮೊದಲು, ಸ್ಟೇಷನ್ನಿನ ಚೀನೀ ಅಕ್ಷರ ಫೋನಲ್ಲಿ ಸೇವ್ ಮಾಡ್ಕೊಂಡು ಕೌಂಟರಲ್ಲಿ ತೋರಿಸು.

ಗಿರಿ: ಬಾಯಲ್ಲೇ ಕೇಳ್ತೀನಿ. ರಾಗ ಹೇಳು.

ಶಾಲಿನಿ: ಉದ್ಯಾನದ 'ಸೂ' ಮೇಲಿನ ಷಡ್ಜದಲ್ಲಿ ಎಳಿ. ಆನ್‌ಹ್ವೇಯ್‌ದು 'ಥೂ!' ಅಂದ ಹಾಗೆ ಮೇಲಿಂದ ದಬಕ್ಕನೆ ಕೆಳಕ್ಕೆ.

ಗಿರಿ: ಸೂ!

ಸುಬ್ಬು: ಇಳಿದ ನೋಡಿ, ಆನ್‌ಹ್ವೇಯ್‌ನಲ್ಲಿ.