ಮಗ ಚರ್ಚ್‌ಗೆ ಬರಲ್ಲ ಅಂತಾನೆ, ತಾಯಿಯಾಗಿ ನಾನೇನ್ ಮಾಡ್ಲಿ?

ಪುಟ್ಟದೀಪ:
ಎಲ್ರಿಗೂ ವಂದನೆಗಳು. ಮಗನಿಗೆ ಈಗ 15 ವರ್ಷ. ಸಂಡೇ ಸ್ಕೂಲಲ್ಲಿ ವಾಕ್ಯ ಎಲ್ಲಾ ಬಾಯಿಪಾಠ ಹೇಳ್ತಿದ್ದ ಹುಡುಗ, ಮೂರು ತಿಂಗಳಿಂದ ಚರ್ಚ್ ಅಂದ್ರೆ ಸಾಕು ರೂಮಿನ ಬಾಗಿಲು ಹಾಕ್ಕೋತಾನೆ. ನಮ್ಮನೆಯವ್ರಿಗೆ ನಂಬಿಕೆ ಇಲ್ಲ, ಹಾಗಂತ ತಡೆಯೋದೂ ಇಲ್ಲ, ಹಾಗಾಗಿ ಪ್ರಾರ್ಥನೆ ಬೈಬಲ್ ಎಲ್ಲಾ ನಾನೊಬ್ಳೇ. ಹೋದ ಭಾನುವಾರ ಸಿಟ್ಟಲ್ಲಿ "ನಿನ್ನಂಥವನನ್ನ ನೋಡಿ ದೇವರಿಗೂ ನೋವಾಗುತ್ತೆ" ಅಂದ್ಬಿಟ್ಟೆ. ಅವತ್ತಿಂದ ನಿದ್ದೆ ಇಲ್ಲ. ಒಬ್ಬ ತಾಯಿಯಿಂದ ಮನೆ ಬದಲಾಗುತ್ತಾ ನಿಜವಾಗ್ಲೂ?

ಆಲಿವ್ ಎಲೆ:
ಸಿಸ್ಟರ್, ಅಪೊಸ್ತಲ ಪೌಲನ ಶಿಷ್ಯ ತಿಮೊಥೆಯನ ಮನೆನೂ ನಿಮ್ಮನೆ ಥರಾನೇ ಇತ್ತಲ್ವಾ. ತಾಯಿ ನಂಬಿದವಳು, ತಂದೆ ಮಾತ್ರ ಗ್ರೀಕನು ಅಂತ ಬೈಬಲ್‌ನ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಆದ್ರೆ ಪೌಲ ತಿಮೊಥೆಯನಿಗೆ ಪತ್ರ ಬರೆಯುವಾಗ ನೆನೆಸ್ಕೊಂಡಿದ್ದು ಅಜ್ಜಿ ಲೋವಿಯ ನಂಬಿಕೆ, ತಾಯಿ ಯೂನೀಕೆಯ ನಂಬಿಕೆ. ಅದೂ ನಿಷ್ಕಪಟವಾದ ನಂಬಿಕೆ ಅಂತಾನೆ. ಆ ಪದ ನನಗೆ ತುಂಬಾ ಮುಖ್ಯ. ನಾವು ಚರ್ಚಲ್ಲಿ ಒಂಥರಾ ಮನೇಲಿ ಒಂಥರಾ ಇದ್ರೆ ಮೊದಲು ಗೊತ್ತಾಗೋದೇ ಮಕ್ಕಳಿಗೆ.

ಹಳೇ ಬೈಬಲ್:
ಅಕ್ಕ, ಮೋನಿಕಾ ಕಥೆ ಕೇಳಿರ್ತೀರ. ಮಗ ಅಗಸ್ಟೀನ್, ಮುಂದೆ ದೊಡ್ಡ ಕ್ರೈಸ್ತ ಗುರು ಆದವರು, ಚಿಕ್ಕ ವಯಸ್ಸಲ್ಲಿ ದಾರಿ ತಪ್ಪಿದಾಗ ಆಕೆ ಒಬ್ಬ ಬಿಷಪ್ ಹತ್ರ ಹೋಗಿ ನೀವಾದ್ರೂ ಅವನ ಜೊತೆ ಮಾತಾಡಿ ಬುದ್ಧಿ ಹೇಳಿ ಅಂತ ಅತ್ತಳಂತೆ. ಅವರು ಒಪ್ಪಲಿಲ್ಲ, ಈಗ ಅವನು ಕೇಳೋ ಸ್ಥಿತೀಲಿಲ್ಲ, ಸ್ವಲ್ಪ ಬಿಡು, ಅವನಿಗೋಸ್ಕರ ಪ್ರಾರ್ಥನೆ ಮಾತ್ರ ಮಾಡು, ಓದ್ತಾ ಓದ್ತಾ ಅವನೇ ತಿಳ್ಕೋತಾನೆ ಅಂದ್ರು. ಅಗಸ್ಟೀನ್ ದೀಕ್ಷಾಸ್ನಾನ ತಗೊಂಡಿದ್ದು ಕ್ರಿ.ಶ. 387ರಲ್ಲಿ, 32ನೇ ವಯಸ್ಸಲ್ಲಿ. ಅದೇ ವರ್ಷ ತಾಯಿ ತೀರ್ಕೊಂಡ್ರು. ಅಷ್ಟು ಕಾದ್ರು ನೋಡಿ. ಗಂಡ ಕೂಡ ಸಾಯೋಕೆ ಸ್ವಲ್ಪ ಮುಂಚೆ ನಂಬಿಕೆಗೆ ಬಂದಿದ್ದ.

ಬೆಳಗಿನ ಮಂಜು:
ಇದೆಲ್ಲಾ ಸರಿ, ಆದ್ರೆ ಎಲ್ಲಾ ಭಾರ ತಾಯಿ ಮೇಲೇ ಹಾಕೋದು ನಂಗೆ ಸರಿ ಅನ್ಸಲ್ಲ. ಸಮುವೇಲನಂಥ ಪ್ರವಾದಿಯ ಮಕ್ಕಳೇ ಲಂಚ ತಗೊಂಡ್ರು. ಮಗ ದೂರ ಹೋದ ಅಂದ ತಕ್ಷಣ ತಾಯಿ ಸೋತಳು ಅಂತ ಅಲ್ಲ. ಇನ್ನೊಂದು ವಿಷಯ, ಮೆಥೊಡಿಸ್ಟ್ ಪಂಗಡ ಶುರುಮಾಡಿದ ಜಾನ್ ವೆಸ್ಲಿಯ ತಾಯಿ ಸುಸಾನಾ 19 ಮಕ್ಕಳನ್ನ ಹೆತ್ರು, ಉಳಿದಿದ್ದು 10, ಅಷ್ಟು ಕೆಲಸದ ನಡುವೆನೂ ಒಂದೊಂದು ಮಗುಗೆ ವಾರದಲ್ಲಿ ಒಂದು ಸಂಜೆ ಅಂತ ಎತ್ತಿಟ್ಟಿದ್ರು, ಜಾನ್‌ಗೆ ಗುರುವಾರ. ದೊಡ್ಡವನಾದ್ಮೇಲೂ ಜಾನ್ ಆ ಗುರುವಾರಗಳನ್ನ ನೆನೆಸ್ಕೊಂಡು ಪತ್ರ ಬರೆದಿದ್ದಾರೆ. ನೀವೂ ಚರ್ಚ್ ಮಾತೆತ್ತದೆ ಸುಮ್ನೆ ಅವನ ಜೊತೆ ಕೂತ್ಕೊಳ್ಳಿ. ಮತ್ತೆ ಆ ಮಾತಿಗೆ ಕ್ಷಮೆ ಕೇಳಿ ಅಕ್ಕ, ದಯವಿಟ್ಟು. ನಮ್ಮಮ್ಮ ಒಂದ್ಸಲ ನನ್ನ ಹತ್ರ ತಪ್ಪಾಯ್ತು ಅಂದಿದ್ರು, ಕೇಳಿದ ಪ್ರಸಂಗಗಳೆಲ್ಲಾ ಮರೆತೋಗಿದೆ, ಅದೊಂದು ಮರೆತಿಲ್ಲ.

ಪುಟ್ಟದೀಪ:
ಓದ್ತಾ ಅತ್ತುಬಿಟ್ಟೆ. ಕ್ಷಮೆ ಕೇಳ್ಬೇಕು ಅಂತ ನಂಗೆ ಹೊಳೆದೇ ಇರ್ಲಿಲ್ಲ, ಅವನನ್ನ ಹೇಗೆ ಒಪ್ಪಿಸೋದು ಅಂತಾನೇ ಯೋಚಿಸ್ತಿದ್ದೆ. ಟ್ಯೂಷನ್ ಮುಗಿಸಿ ಎಂಟಕ್ಕೆ ಬರ್ತಾನೆ. ಇವತ್ತೇ ಮಾತಾಡ್ತೀನಿ. ಪ್ರಾರ್ಥನೇಲಿ ನೆನೆಸ್ಕೊಳ್ಳಿ.