11 ತಿಂಗಳ ಮಗು, ಎರಡು ಡೇಕೇರ್: ಮಾತು ಬಿಟ್ಟು ಏನು ನೋಡಬೇಕು?

ವಿಜಯನಗರ_ಅಮ್ಮ:

ಮುಂದಿನ ತಿಂಗಳು ಕೆಲಸಕ್ಕೆ ವಾಪಸ್. ಬೆಳಗ್ಗೆ 9ರಿಂದ ಸಂಜೆ 6:30ರವರೆಗೆ ಮಗೂನ ಬಿಡಬೇಕು. ಬೆಂಗಳೂರಲ್ಲಿ ಮನೆ ಹತ್ರಾನೇ ಎರಡು ಜಾಗ ನೋಡಿಟ್ಟಿದೀವಿ.

ಒಂದು ಬೇಕರಿ ಮೇಲಿನ ಮೊದಲ ಮಹಡಿ. ಎ.ಸಿ. ಇದೆ, ಮೊಬೈಲಲ್ಲೇ ಕ್ಯಾಮೆರಾ ನೋಡಬಹುದು, "ಐದು ಮಕ್ಕಳಿಗೆ ಒಬ್ಬ ಆಯಾ" ಅಂತಾರೆ. ಇನ್ನೊಂದು, ಒಬ್ಬ ಆಂಟಿ ತಮ್ಮ ಮನೆಯ ಕೆಳಮಹಡೀಲಿ ನಡೆಸೋದು. 14 ಮಕ್ಕಳು, ಆಂಟಿ ಸೇರಿ ಮೂವರು ದೊಡ್ಡವರು. ಕ್ಯಾಮೆರಾ ಇಲ್ಲ, ಅಡುಗೆ ಅಲ್ಲೇ. ಎರಡೂ ಕಡೆ ಚೆನ್ನಾಗೇ ಮಾತಾಡಿದ್ರು, ಅದೇ ಕಷ್ಟ. ಕ್ಯಾಮೆರಾ ಇಲ್ಲ ಅನ್ನೋ ಕಾರಣಕ್ಕೇ ಎರಡನೇದನ್ನ ಬಿಡಬೇಕಾ? ಲೈಸೆನ್ಸ್ ಅಂತ ಏನಾದ್ರೂ ಕೇಳಬೇಕಾ?

ತಲೆಲೆಕ್ಕ:

"ಐದಕ್ಕೆ ಒಬ್ಬರು" ಅನ್ನೋ ಲೆಕ್ಕದಲ್ಲಿ ಯಾರ್ಯಾರನ್ನ ಸೇರಿಸಿದಾರೆ ಅಂತ ಮೊದಲು ಕೇಳಿ. ಅಡುಗೆಯವರು, ಕಸ ಗುಡಿಸೋರು, ಮುಂದೆ ಮೇಜಿನ ಹತ್ರ ಕೂತಿರೋರು ಎಲ್ಲರನ್ನೂ ಕೂಡಿಸಿ ಭಾಗಿಸೋದು ಮಾಮೂಲು. ನಿಮಗೆ ಬೇಕಾಗಿರೋದು ನಿಮ್ಮ ಮಗು ಇರೋ ಕೋಣೇಲಿ, ಆ ಗಂಟೇಲಿ ಎಷ್ಟು ಕೈ ಇದಾವೆ ಅನ್ನೋದು. ಒಂದೂವರೆ ವರ್ಷದೊಳಗಿನ ಮಕ್ಕಳಾದ್ರೆ ನಾಲ್ಕಕ್ಕೆ ಒಬ್ಬರಿಗಿಂತ ಕಮ್ಮಿ ಇರೋ ಕಡೆ ಬಿಡಬೇಡಿ. ಬೆಂಕಿ, ಹೊಗೆ ಅಂತ ಆದ್ರೆ ಒಬ್ಬಳು ಎತ್ಕೊಂಡು ಓಡೋಕಾಗೋದು ಎರಡು ಕೂಸನ್ನ ಮಾತ್ರ. ನಾಲ್ಕೇ ಜಾಸ್ತಿ.

ಹಗಲು 11ಕ್ಕೆ ಕರೆದು ತೋರಿಸ್ತಾರೆ, ಆಗ ಎಲ್ಲಾ ಕಡೆನೂ ಚೆನ್ನಾಗೇ ಇರುತ್ತೆ. ನೀವು 1ರಿಂದ 2:30ರೊಳಗೆ ಹೋಗಿ. ಆಯಾಗಳು ಊಟಕ್ಕೆ ಕೂತಿರ್ತಾರೆ, ಒಬ್ಬಳು ಪಾತ್ರೆ ತೊಳೀತಿರ್ತಾಳೆ, ಅರ್ಧ ಮಕ್ಕಳು ಮಲಗಿರ್ತಾರೆ, ಇನ್ನರ್ಧ ಎದ್ದು ಓಡಾಡ್ತಿರ್ತಾರೆ. ಆಮೇಲೆ ಸಂಜೆ 6ರ ಮೇಲೆ ಒಂದ್ಸಲ. ಶಿಫ್ಟ್ ಮುಗಿಸಿ ಇಬ್ಬರು ಹೊರಟಿರ್ತಾರೆ, ಟ್ರಾಫಿಕ್ಕಲ್ಲಿ ಸಿಕ್ಕೊಂಡಿರೋರ ಮಕ್ಕಳೆಲ್ಲಾ ಒಂದೇ ಕೋಣೇಲಿ ಟಿ.ವಿ. ಮುಂದೆ ಇರ್ತಾವೆ. ನಿಮ್ಮ ಮಗು ದಿನಾ ಆ ಹೊತ್ತಲ್ಲಿ ಅಲ್ಲೇ ಇರುತ್ತಲ್ಲ. ಈ ಎರಡು ಹೊತ್ತಲ್ಲಿ ಒಳಗೆ ಬಿಡಲ್ಲ ಅಂದ್ರೆ, ಆ ಜಾಗ ಅಲ್ಲಿಗೆ ಬಿಟ್ಬಿಡಿ.

ಒಳಗೆ ಹೋದಮೇಲೆ ಇಪ್ಪತ್ತು ನಿಮಿಷ ಪ್ರಶ್ನೆ ಕೇಳದೆ ಕೂತ್ಕೊಳ್ಳಿ. ಮೂಗು ಒರೆಸುವಾಗ ಮಗುವಿನ ಮುಂದೆ ಬಂದು ಮಾತಾಡಿಸ್ತಾಳಾ, ಹಿಂದಿನಿಂದ ಬಂದು ಉಜ್ಜಿ ಹೋಗ್ತಾಳಾ? ಒಂದೇ ಒದ್ದೆ ಬಟ್ಟೇಲಿ ಸಾಲಾಗಿ ಎಲ್ಲರ ಬಾಯಿ ಒರೆಸ್ತಾರಾ? ಡೈಪರ್ ಬದಲಾಯಿಸಿದ ಮೇಲೆ ಸೋಪು ಹಾಕಿ ಕೈ ತೊಳೀತಾರಾ, ಬರೀ ಸ್ಯಾನಿಟೈಸರ್ ಸವರ್ತಾರಾ? ಮಕ್ಕಳು ಅತ್ರೆ ಗಾಬರಿ ಬೀಳಬೇಡಿ, ಅಳೋದು ಸಹಜ. ಹತ್ತು ಕೂಸುಗಳಿರೋ ಕೋಣೆ ಎಚ್ಚರದಲ್ಲಿದ್ದೂ ತಣ್ಣಗಿದ್ರೆ ಗಾಬರಿ ಬೀಳಬೇಕು.

ಕೊನೇಗೆ ಒಂದೇ ಪ್ರಶ್ನೆ: "ನನ್ನ ಮಗೂನ ನೋಡ್ಕೊಳ್ಳೋರು ಯಾರು, ಅವರು ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?" ಹೆಸರು ಹೇಳಿ ಅವರನ್ನೇ ಕರೆದು ನಿಲ್ಲಿಸಿದ್ರೆ ಒಳ್ಳೇದು. "ಎಲ್ಲರೂ ನೋಡ್ಕೋತಾರೆ" ಅಂದ್ರೆ ಯಾರೂ ನೋಡ್ಕೊಳ್ಳಲ್ಲ ಅಂತಲೇ ಲೆಕ್ಕ.

ಮಕ್ಕಳವಾರ್ಡ್_ಸಿಸ್ಟರ್:

ಮೇಲಿನವರು ಹೇಳಿದ "ತಣ್ಣಗಿರೋ ಕೋಣೆ"ಗೆ ಇನ್ನೊಂದು ಮಾತು. ಮಧ್ಯಾಹ್ನ ಎಲ್ಲಾ ಮಕ್ಕಳೂ ಮೂರು ಗಂಟೆ ಒಂದೇ ಸಮ ಮಲಗ್ತಾರೆ ಅಂತ ಹೆಮ್ಮೆಯಿಂದ ಹೇಳಿದ್ರೆ ಕೇಳಲೇಬೇಕು: ಮಲಗೋಕೆ ಏನು ಕೊಡ್ತೀರಿ? ನೆಗಡಿ ಸಿರಪ್ಪು, ತೇಯ್ದ ಜಾಯಿಕಾಯಿ ಎರಡನ್ನೂ ಕೊಟ್ಟು ಮಲಗಿಸೋರು ಇದಾರೆ. ಕ್ಲೋರ್‌ಫೆನಿರಮಿನ್, ಫೆನೈಲೆಫ್ರಿನ್ ಸೇರಿಸಿದ ನೆಗಡಿ ಔಷಧಿಗಳನ್ನ 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರಲ್ಲೇ ಹೇಳಿದಾರೆ. ಜಾಯಿಕಾಯಿ ಪ್ರಮಾಣ ಮೀರಿದ್ರೆ ವಿಷವೇ. ಮನೆಗೆ ಬಂದ ಮಗು ಸಂಜೆ 7ಕ್ಕೂ ಮಂಪರಲ್ಲೇ ಇದ್ದು, ಭಾನುವಾರ ಮಾತ್ರ ಚುರುಕಾಗಿದ್ರೆ ಅದನ್ನ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಬರೆದುಕೊಟ್ಟ ಚೀಟಿ ಇಲ್ಲದೆ ಒಂದು ಹನಿ ಔಷಧಿನೂ ಕೊಡಬಾರದು, ಗ್ರೈಪ್ ವಾಟರ್ ಕೂಡ.

ಒಂದು ವರ್ಷದೊಳಗಿನ ಕೂಸನ್ನ ಅಂಗಾತ ಮಲಗಿಸಬೇಕು. ಹಾಸಿಗೆ ಗಟ್ಟಿ ಇರಬೇಕು. ದಿಂಬು, ಗೊಂಬೆ, ದಪ್ಪ ಕಂಬಳಿ ಏನೂ ಬೇಡ. ಸೀರೆ ಜೋಲಿ ಮನೇಲಿ ಯಾರಾದ್ರೂ ಪಕ್ಕದಲ್ಲಿದ್ದಾಗ ಸರಿ, ಎಂಟು ಮಕ್ಕಳ ನಡುವೆ ಬೇಡ, ಕೂಸಿನ ಗದ್ದ ಎದೆಗೆ ಒತ್ತಿದ್ದು ಯಾರಿಗೂ ಕಾಣಲ್ಲ. ಕೊರಳಲ್ಲಿರೋ ಕಪ್ಪು ದಾರ, ತಾಯತ ಬಿಚ್ಚಿ ಕಳಿಸಿ. ದೃಷ್ಟಿಗೆ ಕೆನ್ನೆ ಮೇಲಿನ ಬೊಟ್ಟೇ ಸಾಕು.

ಹಾಲಿನ ವಿಷಯ: ಹಿಂಡಿದ ತಾಯಿಹಾಲು ಹೊರಗೆ 4 ಗಂಟೆ, ಫ್ರಿಜ್ಜಲ್ಲಿ 4 ದಿನ. ಪೌಡರ್ ಹಾಲು ಮಗು ಬಾಯಿ ಇಟ್ಟ ಮೇಲೆ ಒಂದು ಗಂಟೆ, ಆಮೇಲೆ ಚೆಲ್ಲಬೇಕು. ಪ್ರತಿ ಬಾಟಲಿ ಮೇಲೂ ಹೆಸರು, ದಿನಾಂಕ ಇದೆಯಾ ಅಂತ ಫ್ರಿಜ್ ತೆಗೆಸಿ ನೋಡಿ. ಮುಜುಗರ ಬೇಡ. ಬಾಟಲಿ ಬಿಸಿ ಮಾಡೋದು ಬಿಸಿನೀರಿನ ಪಾತ್ರೇಲಿ. ಮೈಕ್ರೋವೇವ್ ಆದ್ರೆ ಹಾಲು ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ತಣ್ಣಗಿರುತ್ತೆ. ದೊಡ್ಡ ಮಕ್ಕಳ ತಿಂಡಿ ಡಬ್ಬೀಲಿರೋ ಕಡ್ಲೆಬೀಜ, ಇಡೀ ದ್ರಾಕ್ಷಿ, ಸೀತಾಫಲದ ಬೀಜ ನಿಮ್ಮ ಕೂಸಿನ ಕೈಗೆ ಸಿಗದ ಹಾಗೆ ಊಟದ ಜಾಗ ಬೇರೆ ಇರಬೇಕು. ಉಸಿರುಗಟ್ಟಿದ್ರೆ ಏನ್ಮಾಡ್ತೀರಿ ಅಂತ ಆಯಾನೇ ಕೇಳಿ, ಮಾಲೀಕರನ್ನಲ್ಲ. ವರ್ಷದೊಳಗಿನ ಮಗು ಆದ್ರೆ ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗಿರೋ ಹಾಗೆ, ಬೆನ್ನಿಗೆ 5 ಏಟು. ಆಮೇಲೆ ತಿರುಗಿಸಿ ಎದೆ ಮೇಲೆ 5 ಸಲ ಒತ್ತೋದು. "ಬಾಯಿಗೆ ಬೆರಳು ಹಾಕಿ ತೆಗೀತೀನಿ" ಅಂದ್ರೆ ತರಬೇತಿ ಆಗಿಲ್ಲ. ಕಾಣದ ವಸ್ತು ಇನ್ನೂ ಒಳಗೆ ಹೋಗುತ್ತೆ.

ಜ್ವರ ಔಷಧಿ ಇಲ್ಲದೆ ಇಳಿದು 24 ಗಂಟೆ ಆಗೋವರೆಗೂ ಮಗೂನ ಸೇರಿಸ್ಕೊಳ್ಳಲ್ಲ ಅನ್ನೋ ಡೇಕೇರ್ ಮೇಲೆ ಸಿಟ್ಟು ಮಾಡ್ಕೋಬೇಡಿ. ಅದು ನಿಮ್ಮ ಮಗುವಿಗೂ ರಕ್ಷಣೆ.

ಹುಬ್ಳಿ_ವೈರಿಂಗ್:

ಅಕ್ಕಾರ, ನಾ ಗ್ವಾಡಿ ಮತ್ತ ನೆಲದ್ದಷ್ಟ ಹೇಳ್ತೀನಿ. ಆ ಆಂಟಿ ಮನೀ ಗೇಟಿನ ಹತ್ರ ಸಂಪ್ ಇರ್ತೈತಿ, ಅದರ ಮುಚ್ಚಳಕ್ಕ ಕೀಲಿ ಐತೋ ಇಲ್ಲೋ ನೋಡ್ರಿ. ಟ್ಯಾಂಕರ್ ಬಂದ ದಿನ ತಗದು ಹಂಗ ಬಿಡ್ತಾರ. ಬಚ್ಚಲದಾಗ ತುಂಬಿದ ಬಕೆಟ್ ಇಡಬಾರ್ದು. ಎರಡ ಇಂಚ ನೀರಿದ್ರೂ ಸಾಕ, ತೆವಳೋ ಕೂಸಿಗೆ ತಲೀನ ಭಾರ, ಮುಗ್ಗರಿಸಿದ್ರ ಮ್ಯಾಲ ಏಳಾಕ ಬರೂದಿಲ್ಲ. ಬಚ್ಚಲ ಬಾಗಲಕ್ಕ ಹೊರಗ, ಮ್ಯಾಲ ಚಿಲಕ ಬೇಕು.

ಮೇನ್ ಬೋರ್ಡ್‌ನಾಗ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೂ ಸ್ವಿಚ್) ಇರಬೇಕು. ಟೆಸ್ಟ್ ಗುಂಡಿ ಒತ್ತಿ ತೋರಸ್ರಿ ಅನ್ರಿ, ಟಪ್ ಅಂತ ಬೀಳಬೇಕು. ಬೀಳಲಿಲ್ಲಾ ಅಂದ್ರ ಅದು ಬರೇ ಶೋಕಿ. ಇನ್ವರ್ಟರ್ ಬ್ಯಾಟರಿ ಮಕ್ಕಳ ಕ್ವಾಣ್ಯಾಗ ಇದ್ರ ಬ್ಯಾಡರಿ, ಆ್ಯಸಿಡ್ ಐತಿ. ಬಾಗಲ ಸಂದಿನ್ಯಾಗ ಬೆರಳ ಸಿಗೋದು ಭಾಳ, ಕೀಲಿನ ಕಡೆ ರಬ್ಬರ್ ಪಟ್ಟಿ ಹಾಕ್ಯಾರೇನು ನೋಡ್ರಿ.

ಬೇಕರಿ ಮ್ಯಾಲಿಂದು ನನಗ ಹೆಚ್ಚಿಗಿ ಚಿಂತಿ. ಕೆಳಗ ಒಲಿ, ಸಿಲಿಂಡರ್. ಹೊಗಿ ಮ್ಯಾಲ ಬರೂದು ಮೆಟ್ಟಲದಾಗಿಂದನ, ನೀವು ಇಳಿಯೂದೂ ಅದ ಮೆಟ್ಟಲ. ಎರಡನೇ ದಾರಿ ಐತೇನು? ಕಿಡಕಿಗೆಲ್ಲಾ ಗ್ರಿಲ್ ಬಡದಿದ್ರ, ಒಂದಕ್ಕರ ತೆಗಿಯೂ ಗ್ರಿಲ್ ಇರಬೇಕು, ಕೀಲಿ ಎಲ್ಲೈತಿ ಅಂತ ಆಯಾಗ ಗೊತ್ತಿರಬೇಕು. ಕಟಾಂಜನದ ಸಂದಿ 10 ಸೆಂ.ಮೀ.ಗಿಂತ ಕಡಿಮಿ. ಬೆಂಕಿ ಆರಸೂ ಸಿಲಿಂಡರಿನ ಮುಳ್ಳು ಹಸರದಾಗ ಇರಬೇಕು.

ಕಾಗದಪತ್ರ:

ಕ್ಯಾಮೆರಾ ಬಗ್ಗೆ: ಅದಿದ್ರೆ ಆದಮೇಲೆ ಏನಾಯ್ತು ಅಂತ ಗೊತ್ತಾಗುತ್ತೆ, ಆಗೋದನ್ನ ತಡೆಯಲ್ಲ. ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತೆ, ಕರೆಂಟ್ ಹೋದ್ರೂ ನಡೆಯುತ್ತಾ, ಮಲಗೋ ಕೋಣೆ ಅದರ ಕಣ್ಣಿಗೆ ಬೀಳುತ್ತಾ ಕೇಳಿ. ಮೊಬೈಲಿಗೆ ನೇರ ಬರೋದಾದ್ರೆ, ಬಿಟ್ಟುಹೋದ ಪೋಷಕರ ಪಾಸ್‌ವರ್ಡ್ ರದ್ದು ಮಾಡ್ತಾರಾ ಅಂತಲೂ ಕೇಳಿ. ನಿಮ್ಮ ಮಗು ನಿಮಗೆ ಕಾಣಿಸುತ್ತೆ ಅಂದ್ರೆ ಎಲ್ಲರಿಗೂ ಕಾಣಿಸುತ್ತೆ. ಡೈಪರ್ ಬದಲಾಯಿಸೋ ಜಾಗ ಇತರ ಪೋಷಕರ ಮೊಬೈಲಿಗೆ ಹೋಗಬಾರದು.

ಗೋಡೆ ಮೇಲಿನ ಚೌಕಟ್ಟಿನ ಕಾಗದ ಬಹಳ ಸಲ ಬರೀ ವ್ಯಾಪಾರದ ಪರವಾನಗಿ ಆಗಿರುತ್ತೆ, ಮಕ್ಕಳ ಸುರಕ್ಷತೆ ಯಾರೋ ಪರೀಕ್ಷಿಸಿದಾರೆ ಅಂತ ಅರ್ಥ ಅಲ್ಲ. ಅದಕ್ಕಿಂತ ಆಯಾಗಳ ಪೊಲೀಸ್ ವೆರಿಫಿಕೇಶನ್ ಪತ್ರ ಕೇಳಿ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದ್ರೆ ಸಿಗುತ್ತೆ, "ಆಗಲ್ಲ" ಅನ್ನೋಕೆ ನೆಪ ಇಲ್ಲ. ಡ್ರೈವರ್, ಆಂಟಿಯ ಮನೇಲಿರೋ ದೊಡ್ಡವರೂ ಲೆಕ್ಕಕ್ಕೆ ಬರಬೇಕು. ಕೇಂದ್ರದ 2018ರ ಶಿಶುಪಾಲನಾ ಮಾರ್ಗಸೂಚಿ ಪ್ರಕಾರ ಮಗುವೊಂದಕ್ಕೆ ಕನಿಷ್ಠ 10-12 ಚದರಡಿ ಜಾಗ. ಅದು ಕಚೇರಿಗಳ ಕೇಂದ್ರಗಳಿಗೆ ಬರೆದದ್ದು, ಆದ್ರೂ ಟೇಪ್ ಹಿಡಿದು ಅಳೆಯೋಕೆ ಒಂದು ಅಳತೆ ಸಿಗುತ್ತೆ.

ಅಂದಹಾಗೆ, ನಿಮ್ಮ ಕಚೇರೀಲಿ 50 ಅಥವಾ ಹೆಚ್ಚು ಜನ ಇದಾರಾ? 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಿಂದ ಬಂದ ನಿಯಮದ ಪ್ರಕಾರ 50 ಅಥವಾ ಹೆಚ್ಚು ಜನ ಇರೋ ಕಡೆ ಶಿಶುಪಾಲನಾ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿಬರಬಹುದು. ಎಚ್.ಆರ್. ತಾವಾಗಿ ಹೇಳಲ್ಲ, ಇಮೇಲ್‌ನಲ್ಲಿ ಕೇಳಿ.

ವಿಜಯನಗರ_ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಬೇಕರಿ ಮೇಲಿನದಕ್ಕೆ ಇರೋದು ಒಂದೇ ಮೆಟ್ಟಿಲು, ಈಗ ಹೊಳೀತಿದೆ. ಆಂಟಿ ಮನೇಲಿ 14ಕ್ಕೆ ಮೂವರು, ಅಡುಗೆಗೆ ಒಬ್ಬರು ಹೋದ್ರೆ ಇಬ್ಬರೇ ಅಲ್ವಾ?

ತಲೆಲೆಕ್ಕ:

ಹೌದು, ಅಡುಗೆ ಹೊತ್ತಲ್ಲಿ ಏಳಕ್ಕೆ ಒಬ್ಬರು. ಆ 14ರಲ್ಲಿ ಎರಡು ವರ್ಷದೊಳಗಿನವು ಎಷ್ಟು ಅಂತ ಕೇಳಿ. ಮೂರೋ ನಾಲ್ಕೋ ಇದ್ದು, ಅವಕ್ಕೇ ಅಂತ ಒಬ್ಬಳು ಆಯಾ ಕದಲದೆ ಕೂತಿದ್ರೆ ನಡೆಯುತ್ತೆ. ಆರೇಳು ಇದ್ರೆ, ಅಡುಗೆಗೆ ಬೇರೆ ಜನ ಇಡ್ತೀರಾ ಅಂತ ನೇರವಾಗಿ ಕೇಳಿ, ಅದಕ್ಕೆ ಫೀಸು ಸ್ವಲ್ಪ ಏರಿದ್ರೂ ಒಪ್ಕೊಳ್ಳಿ. ಯಾವುದಕ್ಕೆ ಸೇರಿಸಿದ್ರೂ ಕೆಲಸ ಶುರುವಾಗೋ ಎರಡು ವಾರ ಮುಂಚೆ ಶುರುಮಾಡಿ: ಎರಡು ದಿನ ನೀವೂ ಜೊತೆಗೆ ಒಂದೊಂದು ಗಂಟೆ, ಆಮೇಲೆ ಮಗು ಒಂದೇ ಅರ್ಧ ಗಂಟೆ, ಆಮೇಲೆ ಊಟದವರೆಗೆ, ಆಮೇಲೆ ನಿದ್ದೆಯವರೆಗೆ. ಹೊರಡುವಾಗ ಕಣ್ತಪ್ಪಿಸಿ ಹೋಗಬೇಡಿ, ಟಾಟಾ ಮಾಡಿ ಹೋಗಿ. ಕದ್ದು ಹೋದ್ರೆ ಮಾರನೇ ದಿನ ಗೇಟಿನ ಹತ್ರಾನೇ ಶುರುವಾಗುತ್ತೆ.