ಎಲೆಕ್ಷನ್‌ಗೆ ನಿಲ್ಲೋರಿಗೂ ವೆರಿಫಿಕೇಶನ್ ಬೇಕಾ? ನಮ್ಮ ಮನೆ ಗ್ರೂಪಲ್ಲಿ ನಡೆದ ಮಾತು

ಕಿರಣ (ಫಾರ್ವರ್ಡ್): ಸೆಕ್ಯೂರಿಟಿ ಗಾರ್ಡ್ ಆಗ್ಬೇಕಂದ್ರೆ ಪೊಲೀಸ್ ವೆರಿಫಿಕೇಶನ್. ಕ್ಯಾಬ್ ಓಡಿಸ್ಬೇಕಂದ್ರೆ ಪೊಲೀಸ್ ವೆರಿಫಿಕೇಶನ್. ಎಂಎಲ್‌ಎ ಆಗೋಕೆ ಏನೂ ಬೇಡ!! ಒಪ್ಪೋರು ಶೇರ್ ಮಾಡಿ 🙏

ಕಿರಣ: ನಿಜ ತಾನೆ ಇದು. ನಾನು ಈ ಕಂಪನಿ ಸೇರುವಾಗ ಹಿಂದಿನ ಎರಡೂ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದ್ರು, ಮಾರ್ಕ್ಸ್ ಕಾರ್ಡ್ ಅಸಲೀನಾ ಅಂತ ಯೂನಿವರ್ಸಿಟೀಲಿ ಕೇಳಿದ್ರು, ಒಂದು ಕಡೆ ಕೆಲ್ಸ ಬಿಟ್ಟ ತಾರೀಕು ಹದಿನೈದು ದಿನ ಹೆಚ್ಚುಕಮ್ಮಿ ಇತ್ತು ಅಷ್ಟೇ, ಅದಕ್ಕೇ ಒಂದು ತಿಂಗಳು ಜಾಯ್ನಿಂಗ್ ನಿಂತೋಯ್ತು. ನಮ್ ದುಡ್ಡು ಖರ್ಚು ಮಾಡೋನಿಗೆ ಇಷ್ಟಾದ್ರೂ ಬೇಡ್ವಾ?

ದೊಡ್ಡಪ್ಪ: ಏನೂ ಬೇಡ ಅನ್ನೋದು ತಪ್ಪು ಕಣೋ. ನಾಮಿನೇಶನ್ ಜೊತೆ ಕೊಡೋಕೆ ಫಾರ್ಮ್ 26 ಅಂತ ಅಫಿಡವಿಟ್ (ಪ್ರಮಾಣಪತ್ರ) ಇದೆ. ಕೇಸು, ಆಸ್ತಿ, ಸಾಲ, ಓದು ಎಲ್ಲಾ ಬರೀಬೇಕು. ಅದೇನು ಸುಮ್ಮನೆ ಬಂದಿದ್ದಲ್ಲ, ಐಐಎಂ ಅಹ್ಮದಾಬಾದಿನ ಮೇಷ್ಟ್ರುಗಳು 1999ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿ, 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಪಾರ್ಲಿಮೆಂಟು ಅದನ್ನ ತಪ್ಪಿಸೋಕೆ ಕಾನೂನು ತಂದು, 2003ರಲ್ಲಿ ಕೋರ್ಟ್ ಆ ಕಾನೂನನ್ನೂ ಹೊಡೆದು ಹಾಕಿ ಉಳಿಸಿಕೊಟ್ಟಿದ್ದು.

ಕಿರಣ: ಅದನ್ನ ಯಾರು ಚೆಕ್ ಮಾಡ್ತಾರೆ ದೊಡ್ಡಪ್ಪ?

ದೊಡ್ಡಪ್ಪ: ನಾಮಿನೇಶನ್ ಟೈಮಲ್ಲಿ ಯಾರೂ ಮಾಡಲ್ಲ. ಸರ್ವೀಸಲ್ಲಿದ್ದಾಗ ಎರಡು ಸಲ ಸ್ಕ್ರೂಟಿನಿ, ಅಂದ್ರೆ ನಾಮಿನೇಶನ್ ಪೇಪರ್ ಪರಿಶೀಲನೆ ಟೇಬಲ್ಲಲ್ಲಿ ಕೂತಿದ್ದೆ. ನೋಟರಿ ಸೀಲು ಇದ್ಯಾ, ಪ್ರತಿ ಪುಟಕ್ಕೂ ಸಹಿ ಇದ್ಯಾ, ಯಾವ ಕಾಲಮ್ಮೂ ಖಾಲಿ ಇಲ್ವಾ, ಡಿಪಾಸಿಟ್ 10,000 ಕಟ್ಟಿದಾನಾ, ಅಷ್ಟೇ ನಮ್ ಕೆಲ್ಸ. ಬರೆದಿದ್ದು ಸುಳ್ಳೋ ನಿಜವೋ ಅಂತ ಕೇಳೋ ಅಧಿಕಾರ ಆರ್‌ಒಗೆ, ಅಂದ್ರೆ ಚುನಾವಣಾಧಿಕಾರಿಗೆ, ಇಲ್ಲ. ಒಂದು ಕಾಪಿ ನೋಟಿಸ್ ಬೋರ್ಡಿಗೆ ಅಂಟಿಸ್ತೀವಿ, ಮೂರು ದಿನ ಗಾಳೀಲಿ ಪಟಪಟ ಅಂತಿರುತ್ತೆ, ಎದುರು ಪಾರ್ಟಿ ವಕೀಲರು ಬಿಟ್ರೆ ಒಬ್ರೂ ನಿಂತು ಓದಿದ್ದು ನಾ ನೋಡ್ಲಿಲ್ಲ.

ಕಿರಣ: ಅದೇ ನಾನ್ ಹೇಳ್ತಿರೋದು! ಪೊಲೀಸ್ ಹತ್ರ ಕ್ಲಿಯರೆನ್ಸ್ ತಂದ್ರೇನೇ ನಾಮಿನೇಶನ್ ಅಂತ ಮಾಡ್ಲಿ.

ಚಿಕ್ಕಪ್ಪ: ಹಂಗಾದ್ರೆ ನಾನು ನಿಲ್ಲಂಗಿಲ್ಲ ಬಿಡು. 2016ರ ಕಾವೇರಿ ಗಲಾಟೇಲಿ ಹೈವೇ ಮೇಲೆ ಕೂತಿದ್ದಕ್ಕೆ ಕೇಸ್ ಹಾಕಿದ್ರು, ಎಷ್ಟು ವರ್ಷ ಕೋರ್ಟಿಗೆ ಅಲೆದೆ ನಿಂಗೂ ಗೊತ್ತು. ನೀರು ಕೇಳಿದೋನೂ ಒಂದೇ, ಕೊಲೆ ಮಾಡಿದೋನೂ ಒಂದೇನಾ? ಅದೂ ಅಲ್ದೆ ಪೊಲೀಸ್ ಯಾರ ಕೈಲಿರ್ತಾರೆ? ಗೌರ್ಮೆಂಟ್ ಕೈಲಿ. ಎದುರಾಳಿ ಮೇಲೆ ನಾಮಿನೇಶನ್ ಹಿಂದಿನ ದಿನ ಒಂದು ಎಫ್‌ಐಆರ್ ಆದ್ರೆ ಮುಗೀತು ಕತೆ.

ಸರೋಜತ್ತೆ: ಕೆಲಸದ ಥರ ಅಂದ್ರೆ ಓದೂ ಕೇಳ್ತಾರೆ ತಾನೆ. ನಾನು ಓದಿರೋದು ನಾಲ್ಕನೇ ಕ್ಲಾಸು. ಎರಡು ಸಲ ಗೆದ್ದೆ ಪಂಚಾಯ್ತಿಗೆ. ನಮ್ ಬೀದಿಗೆ ನಲ್ಲಿ ಬಂದಿದ್ದು ಯಾರ್ ಕಾಲದಲ್ಲಿ ಅಂತ ಅಮ್ಮನ್ನ ಕೇಳು

ನಾನು: ಅತ್ತೆ ಹೇಳಿದ್ದು ಹರಿಯಾಣದಲ್ಲಿ ನಡೆದೇ ಹೋಗಿದೆ. 2015ರಲ್ಲಿ ಪಂಚಾಯ್ತಿಗೆ ನಿಲ್ಲೋಕೆ ಸಾಮಾನ್ಯ ವರ್ಗದ ಗಂಡಸ್ರು 10ನೇ ಕ್ಲಾಸ್, ಹೆಂಗಸ್ರು 8ನೇ ಕ್ಲಾಸ್ ಪಾಸಾಗಿರ್ಬೇಕು, ಮನೇಲಿ ಶೌಚಾಲಯ ಇರ್ಬೇಕು ಅಂತ ಮಾಡಿದ್ರು, ಸುಪ್ರೀಂ ಕೋರ್ಟೂ ಸರಿ ಅಂತು. ರಾಜಸ್ಥಾನದಲ್ಲೂ ಇಂಥದ್ದೇ ಇತ್ತು, 2019ರಲ್ಲಿ ತೆಗೆದ್ರು. ಓದ್ಸದೆ ಬಿಟ್ಟಿದ್ದು ಸರ್ಕಾರ, ಶಿಕ್ಷೆ ಅತ್ತೆಯಂಥವ್ರಿಗೆ. ನಂಗಂತೂ ಓದಿದಾಗ ಹೊಟ್ಟೆ ಉರೀತು.

ಕಿರಣ: ಸರಿ ಓದು ಬಿಡಿ ಅತ್ತೆ, ಸಾರಿ. ಆದ್ರೆ ರೇಪ್ ಕೇಸು, ಕೊಲೆ ಕೇಸು ಇರೋರು? ಜೈಲಲ್ಲಿರೋನು ವೋಟ್ ಹಾಕಂಗಿಲ್ಲ, ಅಲ್ಲಿಂದ್ಲೇ ಎಲೆಕ್ಷನ್‌ಗೆ ನಿಲ್ಬಹುದು, ಇದು ನ್ಯಾಯಾನಾ?

ನಾನು: ಅಲ್ಲ, ಅದು ನಂಗೂ ನುಂಗಕ್ಕಾಗಲ್ಲ. ಈಗ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಆದ್ರೆ ಅನರ್ಹ, ಬಿಡುಗಡೆ ಆದ್ಮೇಲೂ ಆರು ವರ್ಷ. ಕೇಸು ನಡೀತಾ ಇದ್ರೆ ಅಡ್ಡಿ ಇಲ್ಲ, ಅದು ಹದಿನೈದು ವರ್ಷ ಎಳೆದ್ರೂ. 2020ರಲ್ಲಿ ಕೋರ್ಟು ಪಾರ್ಟಿಗಳಿಗೆ ಹೇಳ್ತು, ಕೇಸಿರೋನಿಗೆ ಯಾಕೆ ಟಿಕೆಟ್ ಕೊಟ್ರಿ ಅಂತ ಬರೀರಿ, ಗೆಲ್ತಾನೆ ಅನ್ನೋದೊಂದೇ ಕಾರಣ ನಡಿಯಲ್ಲ ಅಂತ. ಹಂಗಾಗಿ ಯಾರು ನಿಲ್ಬಾರದು ಅಂತ ಪೊಲೀಸ್ ಕೈಗೆ ಕೊಡೋದು ಬೇಡ ಕಿರಣ, ಬರೆದಿದ್ದು ನಿಜಾನಾ ಅಂತ ಮಾತ್ರ ಎಲೆಕ್ಷನ್ ಕಮಿಷನ್ ಚೆಕ್ ಮಾಡ್ಲಿ. ಆಸ್ತಿಗೆ ಪಹಣಿ ಇದೆ, ಕೇಸಿಗೆ ಕೋರ್ಟಿನ ವೆಬ್‌ಸೈಟ್ ಇದೆ, ಆಗದೇ ಇರೋ ಕೆಲ್ಸ ಏನಲ್ಲ. ಸುಳ್ಳು ಅಫಿಡವಿಟ್‌ಗೆ ಈಗ ಹೆಚ್ಚಂದ್ರೆ ಆರು ತಿಂಗಳು ಜೈಲು, ಇಲ್ಲಾ ಬರೀ ದಂಡ. ಅದಕ್ಕೆ ಸ್ಥಾನವೇ ಹೋಗೋ ಹಂಗಾಗ್ಬೇಕು.

ಚಿಕ್ಕಪ್ಪ: ಇದು ಒಪ್ತೀನಿ. ನನ್ ಕೇಸೂ ಬರೀಲಿ, ಯಾಕೆ ಬಿತ್ತು ಅಂತ ಜನಾನೇ ಓದ್ಲಿ.

ಕಿರಣ: ಕಮಿಷನ್ ಸೈಟಲ್ಲಿ ನಮ್ ಕ್ಷೇತ್ರದೋರ 2018ರದ್ದು 2023ರದ್ದು ಎರಡೂ ಅಫಿಡವಿಟ್ ತೆಗೆದೆ ಈಗ. ಒಂದೇ ಸರ್ವೆ ನಂಬರ್‌ಗೆ ಎಕರೆ ಬೇರೆ ಬೇರೆ ಬರೆದಿದಾರೆ ದೊಡ್ಡಪ್ಪ. ಮಾರಿರ್ಬಹುದಾ?

ದೊಡ್ಡಪ್ಪ: ಮಾರಿರ್ಬಹುದು, ಪೋಡಿ ಆಗಿ ಜಮೀನು ಭಾಗ ಆಗಿರ್ಬಹುದು. ದುಡುಕಿ ಎಲ್ಲೂ ಹಾಕ್ಬೇಡ. ಸರ್ವೆ ನಂಬರ್ ಕಳ್ಸು, ಪಹಣಿ ತೆಗೆದು ನೋಡ್ತೀನಿ.